ಕಪ್ಪಿನ ಮೇಲೆ ಹಳದಿ ಅಕ್ಷರ

ಮೊದಲು ಕುಂಯ್ ಎಂದು ಎಳೆದ ರಾಗ, ಆಮೇಲೆ ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ಕಲ್ಲು ಸಿಕ್ಕಂತೆ ಗರಗರ. ಮಾದಾಪುರದ ನಮ್ಮ ಮನೆಯ ಟೆಲಿಫೋನ್ ಇಂಟರ್ನೆಟ್ಟಿಗೆ ಸೇರುವಾಗ ಮಾಡುತ್ತಿದ್ದ ಸದ್ದು ಅದು. ಗರಗರ ನಿಂತರೆ ಕನೆಕ್ಷನ್ ಸಿಕ್ಕಿತೆಂದು ಅರ್ಥ. ಅಷ್ಟರಲ್ಲಿ ಯಜಮಾನರು ಜಗುಲಿಯಿಂದಲೇ, "ಆಯ್ತಾ ನಿನ್ನ ಸಂಗೀತ? ಕಾಫಿ ಪಿಕ್ಕಿಂಗ್ ಟೈಮು, ತೋಟದ ರೈಟರ್ ಲೆಕ್ಕ ಹೇಳ್ಲಿಕ್ಕೆ ಫೋನ್ ಮಾಡಿದ್ರೆ ಎಂಗೇಜ್ ಬರ್ತದೆ" ಎನ್ನುತ್ತಿದ್ದರು.

ಐವತ್ತು ದಾಟಿದ ಮೇಲೆ ಮಡಿಕೇರಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ವೆಬ್ ಪೇಜ್ ಮಾಡುವುದನ್ನು ಕಲಿತೆ. ನಾನು ಓದಿದ ಕಾನ್ವೆಂಟಿನ ಓಲ್ಡ್ ಗರ್ಲ್ಸ್‌ಗಾಗಿ ಒಂದು ಸೈಟ್ ಕಟ್ಟಿದೆ. ಎಲ್ಲೆಲ್ಲೋ ಮದುವೆಯಾಗಿ ಹೋದವರು ತಮ್ಮ ಸುದ್ದಿ, ಶಾಲೆಯ ನೆನಪು ಬರೆದು ಕಳಿಸುತ್ತಿದ್ದರು. ಒಬ್ಬೊಬ್ಬರಿಗೂ ಒಂದು ಪುಟ. ಅಕ್ಷರದ ಬಣ್ಣ, ಗಾತ್ರ ಎಲ್ಲವನ್ನೂ ಪ್ಯಾರಾ ಪ್ಯಾರಾಕ್ಕೂ ಹೊಸದಾಗಿ ಬರೆಯಬೇಕಿತ್ತು. ಬಣ್ಣ ಬದಲಿಸಬೇಕೆನಿಸಿದರೆ ಪುಟವೆಲ್ಲ ತೆರೆದು ತಿದ್ದು! ಆಮೇಲೆ ಬಂತು ಸ್ಟೈಲ್ ಶೀಟ್. ಅದು ನಮ್ಮ ಶಾಲೆಯ ನೋಟಿಸ್ ಬೋರ್ಡ್ ಇದ್ದಂತೆ. ರಿಬ್ಬನ್ ನೇವಿ ಬ್ಲೂ ಎಂದು ಒಂದು ಕಡೆ ಬರೆದರೆ ಸಾಕು, ಸೋಮವಾರದ ಅಸೆಂಬ್ಲಿಯಲ್ಲಿ ಎಲ್ಲ ಜಡೆಗಳೂ ನೇವಿ ಬ್ಲೂ. ನಾನು ಆರಿಸಿದ್ದು ಕೆನೆ ಬಣ್ಣದ ಮೇಲೆ ಪುಟ್ಟ ತಿಳಿಗೆಂಪು ಅಕ್ಷರ. ಸೋ ಡೇಂಟಿ ಎಂದು ನನಗೇ ಮೆಚ್ಚುಗೆ.

ತೋರಿಸಲು ಕಾನ್ವೆಂಟಿಗೆ ಹೋದೆ. ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್, ಮಂಗಳೂರು ಕಡೆಯವರು, ರಿಟೈರ್ ಆಗಿ ಅಲ್ಲೇ ಇದ್ದರು. ಅವರ ದೃಷ್ಟಿ ನಡುವಿನಿಂದ ಮಬ್ಬಾಗುತ್ತಿದೆಯೆಂದು ಕೇಳಿದ್ದೆ, ಇಷ್ಟಾಗಿದೆಯೆಂದು ಗೊತ್ತಿರಲಿಲ್ಲ. ಸ್ಕ್ರೀನಿಗೆ ಮೂಗು ತಾಗಿಸಿ, "ಎಂತ ಮಾರಾಯ್ತಿ ಇದು? ಇರುವೆ ಸಾಲಾ?" ಎಂದರು.

"ನಾನು ಓದಿ ಹೇಳ್ತೇನೆ, ಸಿಸ್ಟರ್."

"ನೋ, ಚೈಲ್ಡ್. ಪೇಪರು ಯಾರಾದ್ರೂ ಓದಿ ಹೇಳ್ತಾರೆ, ಪ್ರೇಯರ್ ಬಾಯಿಪಾಠ ಉಂಟು. ನನ್ನ ಹುಡುಗಿಯರ ಮಾತು ಬೇರೆಯವರ ಬಾಯಲ್ಲಿ ಬೇಡ. ಕಣ್ಣು ಪೂರ್ತಿ ಹೋಗುವ ಮೊದಲು ನಾನೇ ಓದಬೇಕು."

ಮನೆಗೆ ಬಂದು ಕ್ಲಾಸಿನ ಪ್ರಿಂಟ್‌ಔಟ್‌ಗಳನ್ನೆಲ್ಲ ಹರಡಿಕೊಂಡು ಕೂತೆ. ಪುಟಕ್ಕೆ ಬಣ್ಣ, ಗಾತ್ರದ ಬಟ್ಟೆ ತೊಡಿಸಲು ಶುರುವಿನಲ್ಲಿ ಹಲವರು ಹಲವು ಕಂಪ್ಯೂಟರ್ ಭಾಷೆ ಕಟ್ಟಿದ್ದರಂತೆ. ಉಳಿದುಕೊಂಡ ಭಾಷೆಯಲ್ಲಿ ಪುಟ ಮಾಡಿದವರಿಗಷ್ಟೇ ಅಲ್ಲ, ಓದುವವರಿಗೂ ತಮ್ಮದೊಂದು ಸ್ಟೈಲ್ ಶೀಟ್ ಇಟ್ಟುಕೊಳ್ಳುವ ಹಕ್ಕಿತ್ತು. ನಾನು ಹೇಳಿದ ಬಣ್ಣವೇ ಆಗಬೇಕು ಎಂದು ಹಠ ಹಿಡಿಯಬೇಕಾದಲ್ಲಿ 'ಇಂಪಾರ್ಟೆಂಟ್' ಎಂದು ಸೇರಿಸಬಹುದು. ಇಬ್ಬರೂ ಇಂಪಾರ್ಟೆಂಟ್ ಎಂದು ಕೂತರೆ? ಮೊದಲ ನಿಯಮದಲ್ಲಿ ಗೆಲ್ಲುತ್ತಿದ್ದವರು ಪುಟ ಮಾಡಿದವರು. ಎರಡನೆಯ ಸಲ ನಿಯಮ ಬರೆದಾಗ ಅದನ್ನು ತಿರುಗಿಸಿದರು, ಗೆಲುವು ಓದುವವರದು ಎಂದರು. ಯಾವ ಮೇಜಿನ ಸುತ್ತ ಯಾರು ಕೂತು ತೀರ್ಮಾನಿಸಿದರೋ ಕಾಣೆ. ಅವರಲ್ಲೊಬ್ಬರಿಗೆ ಮಬ್ಬುಗಣ್ಣಿನ ಟೀಚರ್ ಇದ್ದಿರಬೇಕು.

ಕಾನ್ವೆಂಟಿನ ಕಂಪ್ಯೂಟರಿನಲ್ಲಿ ಸಿಸ್ಟರ್‌ಗೆಂದೇ ಒಂದು ಶೀಟ್ ಬರೆದಿಟ್ಟೆ. ಕಪ್ಪು ಹಿನ್ನೆಲೆ, ಹೆಬ್ಬೆರಳಿನಷ್ಟು ದೊಡ್ಡ ಹಳದಿ ಅಕ್ಷರ, ಪ್ರತಿ ಸಾಲಿಗೂ ಇಂಪಾರ್ಟೆಂಟ್. ನನ್ನ ತಿಳಿಗೆಂಪು ಒಂದೇ ಏಟಿಗೆ ಮಾಯ.

"ನಿನ್ನ ಚಂದವೆಲ್ಲ ಹೋಯ್ತಲ್ಲ. ಬೇಸರವಾ?"

"ಸ್ವಲ್ಪ, ಸಿಸ್ಟರ್."

"ಆಗಲಿ. ಕ್ಲಾಸಿನಲ್ಲೂ ನಿನ್ನ ಹ್ಯಾಂಡ್‌ರೈಟಿಂಗ್ ಹೀಗೇ ಇರುವೆ ಸಾಲು. ಮಾರ್ಕ್ಸ್ ಕೊಡ್ಲಿಕ್ಕೆ ಭೂತಗನ್ನಡಿ ಬೇಕಿತ್ತು."

ಬರುಬರುತ್ತಾ ಹೊಸ ಬ್ರೌಸರುಗಳಲ್ಲಿ ಓದುವವರ ಶೀಟಿಗಿದ್ದ ಜಾಗವನ್ನೇ ತೆಗೆದುಹಾಕಿಬಿಟ್ಟರು. ಸಿಸ್ಟರ್ ಮಾತ್ರ ಆ ಹಳೆಯ ಕಂಪ್ಯೂಟರನ್ನು ಬದಲಿಸಲು ಬಿಡಲಿಲ್ಲ.

ಕೊನೆಯ ಸಲ ಹೋದಾಗ ಅಕ್ಷರವನ್ನು ಇನ್ನೂ ದೊಡ್ಡದು ಮಾಡಿಸಿಕೊಂಡರು. ಸಾಲಿಗೆ ಎರಡೇ ಪದ. ನಾಪೋಕ್ಲಿನ ಹುಡುಗಿಯೊಬ್ಬಳು, ಈಗ ಅವಳೂ ಅಜ್ಜಿ, ಬರೆದ ಪುಟ. ಕಣ್ಣಂಚಿನಿಂದ ನೋಡಲು ಕತ್ತು ಓರೆ ಮಾಡಿ, ಒಂದೊಂದೇ ಪದವನ್ನು ಬಾಯಿಬಿಟ್ಟು ಓದುತ್ತಿದ್ದರು. ಹೊರಡುತ್ತೇನೆ ಎಂದೆ. ತಿರುಗಲಿಲ್ಲ.

"ಬಾಗಿಲು ಹಾಕ್ಕೊಂಡು ಹೋಗು, ಚೈಲ್ಡ್. ಬೆಳಕು ಸ್ಕ್ರೀನಿಗೆ ಬೀಳ್ತದೆ."

ವರಾಂಡದ ಕಿಟಕಿಯಿಂದ ಒಮ್ಮೆ ನೋಡಿದೆ. ಬಿಳಿ ತಲೆವಸ್ತ್ರ ಒಂದು ಪಕ್ಕಕ್ಕೆ ವಾಲಿತ್ತು, ಅದರಾಚೆ ಹಳದಿ ಅಕ್ಷರ. ಆ ಹುಡುಗಿ ಬರೆದ ಯಾವುದೋ ಮಾತಿಗೆ ಅವರು ಒಬ್ಬರೇ ನಗುತ್ತಿದ್ದರು.