ಕ್ಯಾಲೆಂಡರ್ ಹಾಳೆಯ ಕೀಬೋರ್ಡು

ಕಂಪ್ಯೂಟರ್ ರೂಮಿಗೆ ದೇವಸ್ಥಾನದ ಮರ್ಯಾದೆ ಇದ್ದ ಕಾಲವದು. ಜಯನಗರದ ನಮ್ಮ ಶಾಲೆಯಲ್ಲಿ ಶೂ ಕಳಚಿ, ಸಾಲಾಗಿ ಒಳಗೆ ಹೋಗಬೇಕಿತ್ತು. ಏಸಿಯ ತಂಪು, ನೆಲಹಾಸಿನ ಮುಗ್ಗಲು, ನಲವತ್ತು ಜೊತೆ ಕಾಲುಚೀಲಗಳ ಪರಿಮಳ, ನಿಮಗೂ ನೆನಪಿರಬಹುದು. ಒಂದೊಂದು ಕಂಪ್ಯೂಟರಿಗೆ ನಾಲ್ಕು ಜನ. ಕೀ ಒತ್ತುವ ಭಾಗ್ಯ ಮಾತ್ರ, ಮನೆಯಲ್ಲೂ ಕಂಪ್ಯೂಟರ್ ಇದ್ದ ಸಂದೀಪನಿಗೆ. ನಾನು ವರ್ಷವಿಡೀ ಅವನ ಕಿವಿಯ ಹಿಂಭಾಗ ನೋಡಿಕೊಂಡೇ ಕಂಪ್ಯೂಟರ್ ಸೈನ್ಸ್ ಕಲಿತೆ.

ಪ್ರೋಗ್ರಾಮುಗಳೆಲ್ಲ ಬಾಯಿಪಾಠವಾಗಿದ್ದವು. ಆದರೆ ಹತ್ತನೇ ಕ್ಲಾಸಿನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಬ್ಬನೇ ಕೂತು ಟೈಪ್ ಮಾಡಬೇಕಿತ್ತು. ಅಕ್ಷರ ಹುಡುಕುವುದರಲ್ಲೇ ಸಮಯ ಮುಗಿದರೆ? ಫೇಲಾದರೆ? ಚಿಂತೆಯಲ್ಲಿ ಆಗಲೇ ನಾನು ರ‍್ಯಾಂಕ್ ವಿದ್ಯಾರ್ಥಿ. ಊಟ ಬಿಟ್ಟೆ. ಮೊಸರನ್ನ ಮಾತ್ರ ಬಿಡಲಿಲ್ಲ.

"ಟೈಪ್ ಹೊಡೆಯೋದಕ್ಕೇನೋ ಇಷ್ಟು ಒದ್ದಾಟ?" ಅಂದರು ತಾತ.

ತಾತ ಮೂವತ್ತು ವರ್ಷ ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ನಿವೃತ್ತರಾದ ಮೇಲೆ "ಹಾಲು ತಂದ್ರಾ?" ಎನ್ನುವುದೊಂದು ಬಿಟ್ಟು ಮನೆಯಲ್ಲಿ ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ. ಅಂಗಡಿಯವರು ಕೊಟ್ಟಿದ್ದ ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಅದರ ಹಿಂದೆ ಸ್ಕೇಲಿಟ್ಟು ಕೀಗೊಂದರಂತೆ ಮನೆಗಳನ್ನು ಎಳೆದು, ಯಾವುದನ್ನೂ ನೋಡದೆ ಎಲ್ಲ ಅಕ್ಷರ ತುಂಬಿಸಿದರು. ಬೆನ್ನು ನೆಟ್ಟಗಾಗಿತ್ತು.

ಮೂರು ವಾರ ಸಂಜೆಯ ಕ್ರಿಕೆಟ್ ಬಂದ್. ಅಜ್ಜಿ ಕರಿದ ಕೋಡುಬಳೆಯ ವಾಸನೆ ಅಡುಗೆಮನೆಯಿಂದ ಬರುತ್ತಿತ್ತು. ಬೆರಳಿಗೆ ಎಣ್ಣೆಯಾಗುತ್ತದೆಂದು ಪಾಠ ಮುಗಿಯುವವರೆಗೆ ತಾತ ಮುಟ್ಟಗೊಡುತ್ತಿರಲಿಲ್ಲ. ಕಾಗದ ಸದ್ದು ಮಾಡುವುದಿಲ್ಲವಲ್ಲ, ನಾನು ಒತ್ತಿದಾಗಲೆಲ್ಲ ಅವರೇ ಬಾಯಲ್ಲಿ "ಟಕ್" ಅನ್ನುವರು. ಸಾಲು ಮುಗಿದರೆ, ಟೈಪ್‌ರೈಟರಿನ ಗಂಟೆಯಂತೆ, "ಟಿಂಗ್!"

"ತಾತ, ಇದ್ರಲ್ಲಿ ಒಂದು ಎಲ್ಲಿ? ಎರಡರಿಂದ ಶುರು ಆಗಿದೆ."

"ಒಂದಕ್ಕೆ ಬೇರೆ ಕೀ ಯಾಕೋ? ಸಣ್ಣ ಎಲ್ ಹೊಡಿ. ನೋಡೋಕೆ ಎರಡೂ ಒಂದೇ. ನಮ್ಮ ಮಿಷಿನ್ನಲ್ಲಿ ಹಾಗೇ ಇದ್ದಿದ್ದು."

ಮೂವತ್ತು ವರ್ಷದ ಅನುಭವ. ನಂಬಿದೆ.

ಪರೀಕ್ಷೆಯಲ್ಲಿ ಬಂದದ್ದು ಮಗ್ಗಿ ಬರೆಸುವ ಪ್ರೋಗ್ರಾಮು. ಆಗ ಪ್ರತಿ ಸಾಲಿಗೂ ಹತ್ತು, ಇಪ್ಪತ್ತು ಎಂದು ನಂಬರ್ ಹಾಕುತ್ತಿದ್ದೆವು. ನನ್ನ ಬೆರಳು ಸರಸರನೆ ಓಡಿತು, ಮೊದಲ ಸಾಲಿಗೇ ಪರದೆ ತಪ್ಪು ಎಂದಿತು. ಮತ್ತೆ ಹೊಡೆದೆ. ಮತ್ತೆ ತಪ್ಪು. ಆರನೇ ಸಲಕ್ಕೆ ಅಂಗೈ ಒದ್ದೆ, ಕಣ್ಣೂ ಒದ್ದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪಕ್ಕಕ್ಕೆ ಬಂದು ಬಗ್ಗಿದರು.

"ಎಲ್ಲಿ, ಒಂದು ಹೊಡಿ ನೋಡೋಣ."

ನಾನು ಎಲ್ ಒತ್ತಿದೆ.

"ಯಾರಪ್ಪ ಹೇಳ್ಕೊಟ್ಟಿದ್ದು?"

"ನಮ್ಮ ತಾತ, ಸಾರ್."

ಅವರು ನಗಲಿಲ್ಲ. ಎಡಮೂಲೆಯಲ್ಲಿದ್ದ ಒಂದನ್ನು ತೋರಿಸಿ, "ಇಲ್ಲಿದೆ. ಮನೆಗೆ ಹೋಗಿ ತಾತನ ಮೇಲೆ ರೇಗಬೇಡ" ಎಂದು ಮುಂದಕ್ಕೆ ಹೋದರು. ಗಂಟೆ ಬಾರಿಸುವಷ್ಟರಲ್ಲಿ ನನ್ನ ಮಗ್ಗಿ ಪರದೆಯ ಮೇಲೆ ಮೂಡಿತು.

ಕುಮಾರಸ್ವಾಮಿ ಲೇಔಟಿನ ಮನೆ ಗೇಟಿನಲ್ಲೇ ತಾತ ಕಾಯುತ್ತಿದ್ದರು. "ಹೇಗೆ ಹೊಡೆದ್ಯೋ?"

"ಸಖತ್ತಾಗಿ, ತಾತ."

ಎಲ್ ವಿಷಯ ಎತ್ತಲಿಲ್ಲ. ಅವರು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಮರುದಿನ ಎದುರುಮನೆ ಆಂಟಿ ಮಗಳನ್ನು ಕರೆತಂದರು. "ಇವಳಿಗೂ ಹೇಳ್ಕೊಡಿ ಅಂಕಲ್, ಮುಂದಿನ ವಾರ ಪ್ರಾಕ್ಟಿಕಲ್ಲು."

ಇವಳೂ ಒಂದಕ್ಕೆ ಎಲ್ ಹೊಡೆದರೆ? ತಾತ ಕನ್ನಡಕ ತರಲು ಒಳಗೆ ಹೋದಾಗ ಹಾಳೆಯಲ್ಲಿ ಎರಡರ ಪಕ್ಕ ಸೊಟ್ಟಗೊಂದು ಮನೆ ಎಳೆದು, ಒಂದು ಬರೆದಿಟ್ಟೆ. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ತಾತ ಬಂದು ಹಾಳೆ ನೋಡಿದರು. ನನ್ನನ್ನು ನೋಡಿದರು. ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಓ, ಒಂದಕ್ಕೂ ಸ್ವಂತ ಮನೆ ಆಯ್ತಾ! ಒಳ್ಳೇದಾಯ್ತು. ಕೂತ್ಕೊ ಪುಟ್ಟಿ."

ತಾತ ಹೋಗಿ ಬಹಳ ವರ್ಷವಾಯಿತು. ಆ ಹಾಳೆ ಯಾವಾಗ ರದ್ದಿಗೆ ಹೋಯಿತೋ ಗೊತ್ತಿಲ್ಲ. ಈಗ ನಾನು ದಿನವಿಡೀ ಕೀಬೋರ್ಡಿನ ಮುಂದೆಯೇ ಕೂರುವವನು. ಒಂದು ಹೊಡೆಯಬೇಕಾದಾಗ ಬಲಗೈಯ ಉಂಗುರದ ಬೆರಳು ಇವತ್ತಿಗೂ ಮೊದಲು ಎಲ್ ಕಡೆಗೇ ಸರಿಯುತ್ತದೆ. ತಪ್ಪಿತೋ ಏನೋ ಎಂದು ಮೂರು ಸಲ ನೋಡುತ್ತೇನೆ. ತಪ್ಪಿರುವುದಿಲ್ಲ. ಸಾಲು ಮುಗಿಯುತ್ತದೆ, ಪಕ್ಕದಲ್ಲಿ ಯಾರೂ "ಟಿಂಗ್" ಅನ್ನುವುದಿಲ್ಲ.