ಹದಿನೆಂಟು ವ್ಯಾಟಿನ ತಪ್ಪು

ನಮ್ಮಣ್ಣನಿಗೆ ನನ್ನ ಮಾನಿಟರ್ ಕಂಡರೆ ಆಗುತ್ತಿರಲಿಲ್ಲ. ಅದನ್ನು ಅವನು ಕೊನೆಯವರೆಗೂ ಮಾನಿಟರ್ ಅನ್ನಲೇ ಇಲ್ಲ, 'ನಿನ್ನ ಟಿವಿ' ಅನ್ನುತ್ತಿದ್ದ. ಗಂಡನ ಮನೆ ಬಿಟ್ಟು ಬಿಳಿಗೆರೆಯ ತವರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಎರಡು ಸೂಟ್‌ಕೇಸು, ಸ್ಕ್ರೀನ್ ಒಡೆದ ಒಂದು ಲ್ಯಾಪ್‌ಟಾಪು. ತಿಪಟೂರಿನ ಪ್ರೆಸ್ಸಿನ ಸಾಹೇಬರು ಮದುವೆ ಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಪುಟ ಜೋಡಿಸುವ ಕೆಲಸ ಕೊಟ್ಟರು. ಒಡೆದ ಸ್ಕ್ರೀನಿನಲ್ಲಿ ಒತ್ತಕ್ಷರ ಕಾಣದೆ ಒಬ್ಬ ಮದುಮಗನ ಅಪ್ಪನ ಹೆಸರನ್ನೇ ಕೆಡಿಸಿದ ಮೇಲೆ, ಮೊದಲೆರಡು ತಿಂಗಳ ಸಂಪಾದನೆಯಲ್ಲಿ ಒಂದು ಮಾನಿಟರ್ ಕೊಂಡೆ.

"ಕರೆಂಟ್ ಜಾಸ್ತಿ ಎಳೆಯುತ್ತಾ ಸಾಹೇಬ್ರೇ?" ಅಂತ, ಕೊಡಿಸಲು ಜೊತೆಗೆ ಬಂದಿದ್ದ ಪ್ರೆಸ್ಸಿನ ಸಾಹೇಬರನ್ನು ಅಂಗಡಿಯಲ್ಲೇ ಕೇಳಿದ್ದೆ. ತವರಿಗೆ ವಾಪಸ್ ಬಂದವಳಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು.

"ಎಲ್ಲಿ ಎಳೀತದಮ್ಮ, ನೆಕ್ತದೆ ಅಷ್ಟೆ. ಸ್ಟಿಕ್ಕರ್ ನೋಡಿ, ಹದಿನೆಂಟು ವ್ಯಾಟು," ಅಂದರು ಸಾಹೇಬರು.

ದಿನಕ್ಕೆ ಎಂಟು ಗಂಟೆ ಉರಿಸಿದರೂ ತಿಂಗಳಿಗೆ ನಾಲ್ಕು ಯೂನಿಟ್ಟು, ಚಿಲ್ಲರೆ. ಹೆಚ್ಚೆಂದರೆ ಒಂದು ತೆಂಗಿನಕಾಯಿಯ ಬೆಲೆ. ನಮ್ಮ ತೋಟದಲ್ಲಿ ಅಳಿಲು ಕಚ್ಚಿ ಬೀಳಿಸುವುದೇ ಅದಕ್ಕಿಂತ ಜಾಸ್ತಿ. ಬಸ್ಸಿನಲ್ಲಿ ಬರುವಾಗ ಈ ಲೆಕ್ಕ ನನಗೆ ಎಷ್ಟು ಧೈರ್ಯ ಕೊಟ್ಟಿತ್ತು ಅಂದರೆ, ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾಲ್ಕೈದು ತಿಂಗಳು ಏನೂ ತಕರಾರಿರಲಿಲ್ಲ. ಸರ್ಕಾರದ ಫ್ರೀ ಕರೆಂಟು, ಬಿಲ್ಲು ಸೊನ್ನೆ. ಮಳೆಗಾಲ ಹಿಡಿಯಿತು ನೋಡಿ, ಮೀಟರು ಇನ್ನೂರು ಯೂನಿಟ್ ದಾಟಿತು. ಆ ಗೆರೆ ದಾಟಿದರೆ ಫ್ರೀ ಇಲ್ಲ, ಪೂರ್ತಿ ಕಟ್ಟಬೇಕು. ಅಣ್ಣ ಬಿಲ್ಲನ್ನು ಕೈಯಲ್ಲಿ ಹಿಡಿದು ನೆಟ್ಟಗೆ ನನ್ನ ಕೋಣೆಯ ಬಾಗಿಲಿಗೇ ಬಂದ.

"ನೋಡು ಕಣೇ, ನಿನ್ನ ಟಿವಿ ಮಾಡಿರೋ ಘನಂದಾರಿ ಕೆಲ್ಸ. ಹೊತ್ತುಟ್ಟಿದ್ರೆ ಉರೀತಾನೇ ಇರ್ತದೆ."

"ಅಣ್ಣಾ, ಅದು ಬರೀ ಹದಿನೆಂಟು ವ್ಯಾಟು..."

"ವ್ಯಾಟು ಗೀಟು ನಂಗೇಳ್ಬೇಡ. ನೀನು ಬರೋಕ್ ಮುಂಚೆ ಸೊನ್ನೆ ಬತ್ತಿತ್ತು. ಬಂದೆ, ಬಿಲ್ಲೂ ಬಂತು. ಆಯ್ತಲ್ಲ ಲೆಕ್ಕ?"

ಅಷ್ಟು ಹೇಳಿ ಮಾನಿಟರಿನ ವೈರು ಕಿತ್ತು, ಅಂಗೈಗೆ ಸುತ್ತಿಕೊಂಡು, ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಒಂದು ತಿಂಗಳು ನೋಡೋಣ ಅಂದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಅತ್ತಿಗೆ ಅಡುಗೆಮನೆಗೆ ಹೋದಳು. ಆ ಮನೆಯಲ್ಲಿ ನಾನು ಯಾರ ಮುಂದೆಯೂ ಕೈಚಾಚದೆ ಬದುಕಲು ಇದ್ದದ್ದು ಆ ಒಂದು ಕೆಲಸ. ಸಾಹೇಬರು ಎರಡು ವಾರ ತಡೆದರು. ಆಮೇಲೆ ಫೋನ್ ಮಾಡಿ, "ಮದುವೆ ಮುಹೂರ್ತ ಕಾಯಲ್ಲ ಕಣಮ್ಮ," ಅಂದು ಬಂದ ಪತ್ರಿಕೆಗಳನ್ನೆಲ್ಲ ಬೇರೆಯವರಿಗೆ ಕೊಟ್ಟರು.

ತಿಂಗಳು ತುಂಬಿತು. ಬಿಲ್ಲು ಬಂತು. ಹಿಂದಿನದಕ್ಕಿಂತ ಮೂವತ್ತು ರೂಪಾಯಿ ಕಡಿಮೆ, ಅಷ್ಟೆ. ಪೆದ್ದಿಯ ಹಾಗೆ ಖುಷಿಪಟ್ಟೆ. ಈಗಲಾದರೂ ವೈರು ಕೊಡುತ್ತಾನೆ ಅಂದುಕೊಂಡೆ. "ಹಳೇದೆಲ್ಲ ಇದರಲ್ಲಿ ಸೇರ್ಕಂಡಿರ್ತದೆ ಬುಡು," ಅಂದು ಅಣ್ಣ ತೋಟಕ್ಕೆ ಹೋದ.

ಅವತ್ತೇ ಅತ್ತಿಗೆ, ಅಟ್ಟ ಹತ್ತಿ ಕಾಯಿ ನೋಡಿ ಬಾ ಅಂದಳು. ನಮ್ಮ ಕಡೆ ಕೊಬ್ಬರಿ ಮಾಡುವುದು ಹಾಗೆ. ಇಡೀ ಕಾಯಿಗಳನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಕೆಳಗಿನ ಕಟ್ಟಿಗೆ ಒಲೆಯ ಹೊಗೆ ಅಟ್ಟವನ್ನು ಬೆಚ್ಚಗೆ ಇಡುತ್ತಿತ್ತು. ಆ ಬೇಸಿಗೆಯಲ್ಲಿ ಒಲೆ ಒಡೆಸಿ ಗ್ಯಾಸು ತಂದಿದ್ದರು. ಹೊಗೆಗೆ ಬದಲಾಗಿ ಅಣ್ಣ ಕಾಯಿಗಳ ನಡುವೆ ನೂರು ವ್ಯಾಟಿನ ಎರಡು ಬಲ್ಬು ಇಳಿಬಿಟ್ಟಿದ್ದ. ಮಳೆ ಶುರುವಾದಾಗಿನಿಂದ ಹಗಲೂ ರಾತ್ರಿ ಉರಿಯುತ್ತಿದ್ದವು.

ಕಾಯಿ ಅಲ್ಲಾಡಿಸುವಾಗ ಮೊಣಕೈಗೆ ಬಲ್ಬು ತಾಗಿ ಚುರ್ ಅಂದಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ಆ ಬಲ್ಬುಗಳನ್ನು ಏಣಿಯ ಕೆಳಗೆ ನಿಂತು ಅಣ್ಣನ ಕೈಗೆ ಎತ್ತಿಕೊಟ್ಟವಳೇ ನಾನು. ಮನೆಯಲ್ಲಿ ಯಾರೂ ಅವನ್ನು ಲೈಟು ಅಂದುಕೊಂಡೇ ಇರಲಿಲ್ಲ. 'ಅಟ್ಟಕ್ಕೆ ಹೊಗೆ ಹಾಕಿದ್ಯಾ?' ಅಂತಲೇ ಕೇಳುತ್ತಿದ್ದೆವು, ಸ್ವಿಚ್ಚು ಒತ್ತುತ್ತಿದ್ದೆವು. ಹೊಗೆಗೆ ಎಲ್ಲಾದರೂ ಬಿಲ್ಲು ಬರುತ್ತದೆಯೇ? ಅಲ್ಲೇ ಕಾಯಿಗಳ ಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಮಾನಿಟರು ಇಡೀ ತಿಂಗಳು ತಿನ್ನುವುದನ್ನು ಅವೆರಡು ಒಂದೇ ದಿನದಲ್ಲಿ ತಿಂದು ಮುಗಿಸುತ್ತಿದ್ದವು. ಲ್ಯಾಪ್‌ಟಾಪನ್ನೂ ಸೇರಿಸಿಕೊಂಡರೆ ಎರಡು ದಿನ.

ಅಣ್ಣ ಊಟಕ್ಕೆ ಕೂತಾಗ ಹೇಳಿದೆ. ಗೆದ್ದೆ ಅನ್ನುವ ಸಂತೋಷ ನನಗೆ. ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿ ಪಳಗಿದವನು, ಬಾಯಲ್ಲೇ ಗುಣಿಸಿ ಕೂಡಿಸಿ ನೋಡಿದ.

"ಲೆಕ್ಕ ಸರಿಯಾಗೇ ಅದೆ," ಅಂದ.

"ಹಂಗಾದ್ರೆ ವೈರು ಕೊಡಣ್ಣ."

ಅವನಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಒಂದು ಕೈ ನೋಡಿಕೊಳ್ಳುತ್ತಿದ್ದೆ. ಸಮಾಧಾನವಾಗಿ, ಚಿಕ್ಕ ಮಕ್ಕಳಿಗೆ ಬುದ್ಧಿ ಹೇಳುವ ಹಾಗೆ ಹೇಳಿದ: "ಕೊಬ್ಬರಿ ಮನೇದು ಕಣೇ. ಅದಕ್ಕೆ ಉರೀಲೇಬೇಕು. ನಿಂದು ಹಂಗಲ್ಲವಲ್ಲ."

ಆಮೇಲೆ ಸಾರು ಬಡಿಸಿಕೊಂಡು ಉಂಡ. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಲೆಕ್ಕ ತಪ್ಪಿದ್ದರೆ ತಿದ್ದಬಹುದಿತ್ತು. ಸರಿ ಅಂತ ಒಪ್ಪಿಕೊಂಡು ಹೀಗೆ ಅಂದವನಿಗೆ ಏನು ಹೇಳಲಿ?

ಮರುದಿನವೇ ಸಾಹೇಬರಿಗೆ ಫೋನ್ ಮಾಡಿದೆ. ಪ್ರೆಸ್ಸಿನ ಹಿಂದೆ ಕಾಗದ ಪೇರಿಸುವ ಒಂದು ಕೋಣೆ ಇತ್ತು, ನನಗೆ ಇರಲಿಕ್ಕೂ ಕೆಲಸಕ್ಕೂ ಆಗುವಂತೆ ಅರ್ಧ ಖಾಲಿ ಮಾಡಿಸಿಕೊಟ್ಟರು. ಹೊರಡುವ ದಿನ ಅಣ್ಣ ತೋಟದಲ್ಲೇ ಉಳಿದ, ಬರಲಿಲ್ಲ. ಬೀರುವಿನಿಂದ ವೈರು ತೆಗೆದು ತಂದುಕೊಟ್ಟವಳು ಅತ್ತಿಗೆ. ಕಣ್ಣು ಒದ್ದೆ ಮಾಡಿಕೊಂಡಿದ್ದಳು.

"ಬೇಜಾರು ಮಾಡ್ಕೋಬೇಡ ಕಣೇ. ಅವರು ಬೈದಿದ್ದು ಕರೆಂಟಿಗೆ, ನಿಂಗಲ್ಲ."

"ಕರೆಂಟಿಗೇ ಆಗಿದ್ರೆ, ಬಲ್ಬಿನ ಲೆಕ್ಕ ಒಪ್ಪಿದ ದಿನವೇ ಮುಗೀಬೇಕಿತ್ತಲ್ಲ ಅತ್ತಿಗೆ?" ಅಂದೆ.

ಆಟೋದವನು ಹಾರನ್ ಹೊಡೆದ. "ಹೋಗ್ಬುಟ್ಟು ಬಾ," ಅಂತ ಬಾಯಿಮಾತಿಗೂ ಅನ್ನದೆ, ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು.