ಉಷಾರಾಣಿ ಕಟ್ಟಿದ ಸುಳ್ಳು ಹೋಂಸ್ಟೇ

ಬೆಳಕು ಸರಿಯಾಗಿ ಹರಿಯುವ ಮೊದಲೇ ಕುಶಾಲನಗರದ ಹೊರವಲಯದ ಮನೆಯಲ್ಲಿ ಉಷಾರಾಣಿ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. ಇಲ್ಲದ ಅತಿಥಿಯೊಬ್ಬ ರೂಮ್ ಕೇಳುತ್ತಾನೆ, ಇಲ್ಲದ ಹೋಂಸ್ಟೇ ಉತ್ತರ ಕೊಡುತ್ತದೆ. ಪರದೆಯಲ್ಲಿ ಹಸಿರು ಗೆರೆ ಮೂಡಿದರೆ ಎಲ್ಲ ಸರಿಯೆಂದು ಅರ್ಥ. "ಬೆಳಬೆಳಗ್ಗೆ ಇದೇನ್ ಕುಟ್ತೀಯವ್ವ" ಎನ್ನುತ್ತಲೇ ಅಮ್ಮ ರಂಗಮ್ಮ ಕಾಫಿ ತಂದಿಡುತ್ತಾರೆ. ಮಗಳ ಕೆಲಸ ಏನೆಂದು ಅವರಿಗಿರಲಿ, ಊರಲ್ಲಿ ಯಾರಿಗೂ ಗೊತ್ತಿಲ್ಲ.

ಕೊಡಗಿನ ಹೋಂಸ್ಟೇ ಬುಕ್ ಮಾಡಿಕೊಡುವ ಚಿಕ್ಕದೊಂದು ವೆಬ್‌ಸೈಟ್ ಕಂಪನಿಯಲ್ಲಿ ಉಷಾರಾಣಿ ಟೆಸ್ಟರ್. ಪ್ರವಾಸಿಗರ ಕೋರಿಕೆಯನ್ನು ಹೋಂಸ್ಟೇ ಮನೆಯವರ ಮೊಬೈಲಿಗೆ ಮುಟ್ಟಿಸಿ ಉತ್ತರ ತರುವ ಕೋಡ್ ಒಂದಿದೆ. ಅದನ್ನು ಪರೀಕ್ಷಿಸಲು ದಿನಾ ನಿಜದ ಮನೆಯವರನ್ನು ಕಾಡುವುದಕ್ಕಾಗುತ್ತದೆಯೇ? ಅವರ ಜಾಗದಲ್ಲಿ ಒಂದು ನಕಲಿ ಇಡುತ್ತಾರೆ. ಕಸುಬಿನ ಮಾತಿನಲ್ಲಿ ಅದು 'ಮಾಕ್'.

"ಮದ್ವೇಲಿ ಫೋಟೋದವ್ರು ಮದುಮಗ ಬರೋ ಮುಂಚೆ ಯಾರನ್ನೋ ಕುರ್ಚೀಲಿ ಕೂರ್ಸಿ ಲೈಟ್ ನೋಡ್ಕೋತಾರಲ್ಲ, ಹಂಗೆ. ನಾವು ಹೇಳ್ಕೊಟ್ಟಿದ್ದಷ್ಟೇ ಅದು ಹೇಳೋದು" ಎನ್ನುತ್ತಾರೆ ಉಷಾರಾಣಿ.

ಅವರು ಹೇಳಿಕೊಟ್ಟಿದ್ದು ಎರಡೇ ಮಾತು: ರೂಮ್ ಇದೆ, ರೂಮ್ ಇಲ್ಲ. ಉತ್ತರವೇ ಬಾರದಿದ್ದರೆ ಏನು ಗತಿ ಎಂದು ನೋಡಲೇ ಇಲ್ಲ.

ಈ ಮಳೆಗಾಲದಲ್ಲಿ ಕಕ್ಕಬೆಯಲ್ಲಿ ಮರ ಬಿದ್ದು ಕರೆಂಟೂ ಟವರೂ ಒಟ್ಟಿಗೆ ಹೋದವು. ಪ್ರೇಮಾವತಿ ಎಂಬವರ ಹೋಂಸ್ಟೇಯಿಂದ ಉತ್ತರವಿಲ್ಲ. ಕೋಡ್ ಹಿಂದಿನ ವಾರದ 'ಇದೆ'ಯನ್ನೇ ನಂಬಿ ರೂಮ್ ಖಾತ್ರಿ ಮಾಡಿಬಿಟ್ಟಿತು. ಸುರಿಯುವ ಮಳೆಯಲ್ಲಿ ವಯಸ್ಸಾದ ದಂಪತಿ ಬಂದಿಳಿದರೆ ಮನೆ ತುಂಬ ನೆಂಟರು! ಪ್ರೇಮಾವತಿ ತಮ್ಮ ಮಂಚ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡರು. ಆಮೇಲೆ ಕಚೇರಿಗೆ ಫೋನ್ ಮಾಡಿದ್ದು ದೂರು ಹೇಳಲಿಕ್ಕಲ್ಲ. ತಾವೇ ಏನೋ ತಪ್ಪು ಒತ್ತಿರಬೇಕೆಂದು ಕ್ಷಮೆ ಕೇಳಲಿಕ್ಕೆ.

ಆ ಫೋನ್ ಎತ್ತಿದವರು ಉಷಾರಾಣಿಯೇ. "ಪರವಾಗಿಲ್ಲ ಬಿಡಿ ಆಂಟಿ ಅಂದ್ಬಿಟ್ಟೆ. ಗಾಳಿ ಬೀಸಿದ್ರೆ ಲೈನ್ ಹೋಗೋ ಜಿಲ್ಲೇಲೇ ಹುಟ್ಟಿದೋಳು ನಾನು. ಹೊರಗಿನೋರು ಮರೆತ್ರೆ ಸರಿ, ನಾನು ಮರೀಬೌದಾ? ಕನ್ನಡಿ ನೋಡೋಕೂ ನಾಚ್ಕೆ ಆಗ್ತಿತ್ತು."

ಕಂಪನಿ ನಡೆಸುವ ರೇಣುಕಪ್ರಸಾದ್ ಅವರ ಸಲಹೆ ಸುಲಭದ್ದು: "ಅವ್ರೇ ತಮ್ ತಪ್ಪು ಅಂತಿದಾರಲ್ಲ, ನೀನ್ಯಾಕೆ ಮೈಮೇಲೆ ಎಳ್ಕೋತೀಯ?" ಎಳೆದುಕೊಳ್ಳದಿದ್ದರೆ ನಿದ್ದೆ ಬರಬೇಕಲ್ಲ, ಪುಣ್ಯಾತ್ಮ!

ಉಷಾರಾಣಿ ತಮ್ಮ ನಕಲಿ ಹೋಂಸ್ಟೇಗೆ ಸುಮ್ಮನಿರುವುದನ್ನೂ ಕಲಿಸುತ್ತಾರೆ. ಗೆರೆ ಕೆಂಪಾಗುತ್ತದೆ, ಕೋಡ್ ಬರೆದವರು ತಿದ್ದುತ್ತಾರೆ, ಮತ್ತೆ ಹಸಿರಾಗುತ್ತದೆ. ತಪ್ಪು ತಮ್ಮದೆಂದು ಪ್ರೇಮಾವತಿಗೆ ಹೇಳುವುದು ಮಾತ್ರ ಬಾಕಿ. ಭಾನುವಾರ ಬಸ್ಸು ಹಿಡಿದು ಕಕ್ಕಬೆಗೆ ಹೋಗುತ್ತಾರೆ.

ಪ್ರೇಮಾವತಿ ಜಗಲಿಯಲ್ಲಿ ಏಲಕ್ಕಿ ಆರಿಸುತ್ತಿದ್ದಾರೆ. ನಿಂತಲ್ಲೇ ಎಲ್ಲ ಒಪ್ಪಿಸಿದ ಹುಡುಗಿಯನ್ನು ನೋಡಿ ಅವರ ಕೈ ನಿಲ್ಲುತ್ತದೆ.

"ಹಾಗಾದ್ರೆ ನಾನು ತಪ್ಪು ಒತ್ತಿದ್ದಲ್ವಾ?"

"ಅಲ್ಲ ಆಂಟಿ. ತಪ್ಪು ನಂದು."

"ಅಂದಿಂದ ಇವ್ರು ಬುಕಿಂಗ್ ಮೊಬೈಲ್ ನನ್ ಕೈಗೇ ಕೊಡ್ತಿಲ್ಲ. ನಿಂಗೆ ಬುದ್ಧಿ ಸಾಲ್ದು ಅಂದ್ರು. ನಾನೂ ಹೌದೇನೋ ಅಂದ್ಕೊಂಡಿದ್ದೆ."

ಉಷಾರಾಣಿಗೆ ಭೂಮಿ ಬಾಯಿಬಿಡಬಾರದೇ ಅನಿಸುತ್ತದೆ. ಪ್ರೇಮಾವತಿ ಎದ್ದು ಕಣದಲ್ಲಿದ್ದ ಗಂಡ ನಂಜಪ್ಪನವರನ್ನು ಕೂಗಿ ಕರೆಯುತ್ತಾರೆ.

"ಇಲ್ಲಿ ಬನ್ನಿ. ಈಗ ಇವ್ರ ಎದ್ರು ಇನ್ನೊಂದ್ಸಲ ಹೇಳಮ್ಮ."

ತಲೆ ತಗ್ಗಿಸಿಕೊಂಡೇ ಉಷಾರಾಣಿ ಮೊದಲಿಂದ ಹೇಳುತ್ತಾರೆ. ಹೇಳಿ ಮುಗಿಯುವಷ್ಟರಲ್ಲಿ ಪ್ರೇಮಾವತಿ ಗಂಡನ ಜೇಬಿನಿಂದ ಮೊಬೈಲ್ ತೆಗೆದುಕೊಂಡಾಗಿದೆ.